ರಿಫಾಂಪಿಸಿನ್: "ನಿಲ್ಲಿಸಬೇಡಿ" ಎಂದರಷ್ಟೇ ಸಾಲದು

ಕ್ಷಯರೋಗಕ್ಕೆ ಚಿಕಿತ್ಸೆ ಆರಂಭವಾಗುವ ದಿನ ರೋಗಿಯ ಕೈಗೆ ಮಾತ್ರೆಗಳ ಜೊತೆಗೆ ಒಂದು ಕಟ್ಟಪ್ಪಣೆಯೂ ಸಿಗುತ್ತದೆ: ಆರು ತಿಂಗಳು ಒಂದು ದಿನವೂ ತಪ್ಪಿಸಬೇಡಿ, ನಡುವೆ ನಿಲ್ಲಿಸಬೇಡಿ. ಮಾತು ಸರಿಯಾದದ್ದೇ. ಆದರೆ ಅಷ್ಟನ್ನೇ ಹೇಳಿ ಕಳುಹಿಸುವುದು ಅರ್ಧ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ. ದೇಹದಲ್ಲಿ ಏನು ಕಂಡರೆ ಹೆದರಬೇಕಾಗಿಲ್ಲ, ಏನು ಕಂಡರೆ ಆ ಹೊತ್ತಿನ ಮಾತ್ರೆಯನ್ನೂ ನುಂಗದೆ ವೈದ್ಯರ ಬಳಿಗೆ ಹೋಗಬೇಕು, ಈಗಾಗಲೇ ತೆಗೆದುಕೊಳ್ಳುತ್ತಿರುವ ಬೇರೆ ಔಷಧಗಳ ಗತಿಯೇನು ಎಂಬುದನ್ನೂ ಅದೇ ದಿನ, ಅದೇ ಉಸಿರಿನಲ್ಲಿ ಹೇಳಬೇಕು. ನಾಲ್ಕು ಔಷಧಗಳ ಈ ಚಿಕಿತ್ಸೆಯಲ್ಲಿ ಮುಖ್ಯವಾದ ರಿಫಾಂಪಿಸಿನ್ ಕುರಿತು ಇದನ್ನು ಬರೆಯುತ್ತಿದ್ದೇನೆ. ಇಟ್ಟಿಗೆ ಬಣ್ಣದ ಆ ಮಾತ್ರೆಯಷ್ಟು ಉಪಕಾರ ಮಾಡಿದ ಔಷಧಗಳು ಕ್ಷಯದ ಇತಿಹಾಸದಲ್ಲಿ ಕಡಿಮೆ. ಅದರಷ್ಟು ಗಾಬರಿ ಹುಟ್ಟಿಸಿದವೂ ಕಡಿಮೆಯೇ.

ಗಾಬರಿ ಮೊದಲ ದಿನವೇ ಆರಂಭವಾಗುತ್ತದೆ. ಮಾತ್ರೆ ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆಗೆಂಪಾಗುತ್ತದೆ. ಬೆವರು, ಎಂಜಲು, ಕಣ್ಣೀರಿಗೂ ಆ ಬಣ್ಣ ಇಳಿಯುತ್ತದೆ. ಬಿಳಿ ಬನಿಯನ್ನಿನ ಕಂಕುಳಲ್ಲಿ ಕಲೆ ಬೀಳುತ್ತದೆ, ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರ ಲೆನ್ಸಿಗೆ ಹತ್ತಿದ ಬಣ್ಣ ಮತ್ತೆ ಹೋಗುವುದೇ ಇಲ್ಲ. ಇದು ಔಷಧದ್ದೇ ಬಣ್ಣ, ಇದರಿಂದ ಯಾವ ಹಾನಿಯೂ ಇಲ್ಲ. ಮೊದಲೇ ತಿಳಿಸಿದ್ದರೆ ರೋಗಿ ನಕ್ಕು ಸುಮ್ಮನಾಗುತ್ತಾನೆ. ತಿಳಿಸದಿದ್ದರೆ ಮೂತ್ರದಲ್ಲಿ ರಕ್ತ ಹೋಗುತ್ತಿದೆಯೆಂದು ಹೆದರಿ, ಯಾರಿಗೂ ಹೇಳದೆ ಮಾತ್ರೆಗಳನ್ನು ಮೂಲೆಗಿಡುತ್ತಾನೆ. ಹಾಗೆ ನಿಲ್ಲಿಸಿದವನನ್ನು ಬೇಜವಾಬ್ದಾರಿ ಎಂದು ಬೈಯುವುದು ನನಗೆ ಅನ್ಯಾಯವೆನಿಸುತ್ತದೆ.

ಈ ಬಣ್ಣದ ಹಿಂದೆ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಹೇಳುವವರು ಕಡಿಮೆ. ಕಾಮಾಲೆಯಾದಾಗಲೂ ಮೂತ್ರ ಗಾಢವಾಗುತ್ತದೆಯಷ್ಟೆ. ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಮೂತ್ರದ ಬಣ್ಣ ಮೊದಲೇ ಬದಲಾಗಿರುವುದರಿಂದ ಆ ಸೂಚನೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹಗಲು ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು, ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ, ಕಣ್ಣಿನ ಬಿಳಿಭಾಗ ಹಳದಿಯಾಗಿದೆಯೇ ಎಂದು ಆಗಾಗ ನೋಡಿಕೊಳ್ಳುವ ಅಭ್ಯಾಸವನ್ನು ಚಿಕಿತ್ಸೆಯ ಮೊದಲ ವಾರದಿಂದಲೇ ಮಾಡಿಕೊಳ್ಳಬೇಕು. ಹಳದಿ ಕಂಡರೆ, ಅಥವಾ ಊಟದ ಹೆಸರೆತ್ತಿದರೂ ವಾಕರಿಕೆ ಬರುವಂತಾಗಿ, ಬಲಪಕ್ಕೆಯ ಕೆಳಗೆ ನೋವು, ವಿಪರೀತ ಸುಸ್ತು ಕಾಣಿಸಿಕೊಂಡರೆ, ಮಾತ್ರೆಗಳನ್ನು ಅಲ್ಲಿಗೇ ನಿಲ್ಲಿಸಿ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಈ ನಾಲ್ಕು ಔಷಧಗಳ ಪೈಕಿ ರಿಫಾಂಪಿಸಿನ್, ಐಸೋನಿಯಾಜಿಡ್, ಪೈರಜಿನಮೈಡ್ ಮೂರಕ್ಕೂ ಯಕೃತ್ತನ್ನು ಕೆಡಿಸುವ ಶಕ್ತಿಯಿದೆ. ಮದ್ಯಪಾನ ಮಾಡುವವರಲ್ಲಿ ಅಪಾಯ ಹೆಚ್ಚು. ಯಕೃತ್ತಿನ ಕಿಣ್ವದ ಮಟ್ಟ ಲಕ್ಷಣಗಳೊಂದಿಗೆ ಸಾಮಾನ್ಯ ಮಿತಿಯ 3 ಪಟ್ಟು ದಾಟಿದರೆ, ಲಕ್ಷಣಗಳಿಲ್ಲದಿದ್ದರೂ 5 ಪಟ್ಟು ದಾಟಿದರೆ ವೈದ್ಯರು ಈ ಔಷಧಗಳನ್ನು ತಡೆಹಿಡಿಯುತ್ತಾರೆ, ಯಕೃತ್ತು ಚೇತರಿಸಿಕೊಂಡ ಮೇಲೆ ಒಂದೊಂದಾಗಿ ಮರಳಿ ಆರಂಭಿಸುತ್ತಾರೆ. "ನಿಲ್ಲಿಸಲೇಬೇಡಿ" ಎಂದಷ್ಟೇ ಕಲಿತ ವಿಧೇಯ ರೋಗಿ ಕಾಮಾಲೆಯಲ್ಲೂ ನುಂಗುತ್ತ ಹೋದರೆ ಪ್ರಾಣಕ್ಕೇ ಸಂಚಕಾರ.

ಇಷ್ಟೆಲ್ಲ ತೊಡಕಿದ್ದರೂ ಈ ಔಷಧವನ್ನೇ ಏಕೆ ಹಿಡಿದುಕೊಂಡಿದ್ದೇವೆ ಎಂದು ಯಾರಾದರೂ ಕೇಳಬಹುದು. 1957ರಲ್ಲಿ ಇಟಲಿಯ ಮಿಲಾನ್ ನಗರದ ಲೆಪೆಟಿಟ್ ಸಂಸ್ಥೆಯ ವಿಜ್ಞಾನಿಗಳು, ಫ್ರಾನ್ಸಿನ ಕರಾವಳಿಯ ಪೈನ್ ಕಾಡಿನಿಂದ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಾಣುವೊಂದರಿಂದ ರಿಫಾಮೈಸಿನ್‌ಗಳನ್ನು ಪಡೆದರು. ಅವುಗಳನ್ನು ಮಾರ್ಪಡಿಸಿ, ಬಾಯಿಯ ಮೂಲಕ ತೆಗೆದುಕೊಳ್ಳಬಹುದಾದ ರಿಫಾಂಪಿಸಿನ್ ರೂಪಕ್ಕೆ ತಂದದ್ದು 1960ರ ದಶಕದಲ್ಲಿ. ಅದಕ್ಕೂ ಮುನ್ನ ಒಂದೂವರೆ ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಎಳೆಯುತ್ತಿದ್ದ ಚಿಕಿತ್ಸೆ ರಿಫಾಂಪಿಸಿನ್ ಬಂದ ಮೇಲೆ ಒಂಬತ್ತು ತಿಂಗಳಿಗೂ, ಜೊತೆಗೆ ಪೈರಜಿನಮೈಡ್ ಸೇರಿದಾಗ ಆರು ತಿಂಗಳಿಗೂ ಇಳಿಯಿತು. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಿಸಿಕೊಳ್ಳಲು ಬಳಸುವ ಕಿಣ್ವಕ್ಕೆ ಇದು ಅಂಟಿಕೊಂಡು ಆ ಕೆಲಸವನ್ನೇ ನಿಲ್ಲಿಸುತ್ತದೆ. ಬಹುಕಾಲ ಮಂಕಾಗಿ ಬಿದ್ದಿದ್ದು ನಡುನಡುವೆ ಮಾತ್ರ ಚುರುಕಾಗುವ ಕ್ಷಯಾಣುಗಳನ್ನೂ ಕೊಲ್ಲುವುದು ಇದರ ಹೆಚ್ಚುಗಾರಿಕೆ. ಜ್ವರ ಬಿಟ್ಟು, ಕೆಮ್ಮು ಕಡಿಮೆಯಾಗಿ, ತೂಕ ಏರತೊಡಗಿದ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗಿರುವುದು ಹೀಗೆ ಅಡಗಿ ಉಳಿದ ಅಣುಗಳಿಗಾಗಿ.

ಆದರೆ ಇದನ್ನು ಒಂಟಿಯಾಗಿ ಬಳಸಿದರೆ ಕೆಲಸ ಕೆಡುತ್ತದೆ. ರೋಗ ಬಲಿತ ಶ್ವಾಸಕೋಶದಲ್ಲಿರುವ ಕೋಟ್ಯಂತರ ಅಣುಗಳ ನಡುವೆ ಆಕಸ್ಮಿಕ ಬದಲಾವಣೆಯಿಂದ ಒಂದು ಔಷಧಕ್ಕೆ ಬಗ್ಗದ ಕೆಲವು ಮೊದಲಿನಿಂದಲೇ ಇರುತ್ತವೆ. ಅದೊಂದನ್ನೇ ಕೊಟ್ಟರೆ ಉಳಿದವು ಸತ್ತು ಇವು ಬೆಳೆಯುತ್ತವೆ. ಕ್ಷಯದ ಹಳೆಯ ಔಷಧವಾದ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ, 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲಿ ಆದದ್ದೂ ಇದೇ: ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಕಟ್ಟುವ ಸುಧಾರಣೆ, ಆಮೇಲೆ ನಿರೋಧಕತೆ, ವರ್ಷಗಳು ಕಳೆದಂತೆ ಆ ಲಾಭದ ಬಹುಪಾಲು ಕರಗಿಹೋಯಿತು. ಹೀಗಿರುವಾಗ ಹೊಟ್ಟೆ ತೊಳಸುತ್ತದೆಯೆಂದು ನಾಲ್ಕರಲ್ಲಿ ಒಂದನ್ನು ತಾನೇ ಕೈಬಿಟ್ಟು ಉಳಿದದ್ದನ್ನು ನುಂಗುವುದು ಬಹಳ ಅಪಾಯದ ಬುದ್ಧಿವಂತಿಕೆ. ಅದಕ್ಕೆಂದೇ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಕೊಡುವ ಪದ್ಧತಿ ಬಂದಿದೆ. ಮಾತ್ರೆಗಳ ಸಂಖ್ಯೆ ತೂಕವನ್ನು ಅವಲಂಬಿಸಿರುವುದರಿಂದ, ನಡುವೆ ತೂಕ ಏರಿದರೆ ಸಂಖ್ಯೆ ಬದಲಾಗಬೇಕೇ ಎಂದು ರೋಗಿಯೇ ಕೇಳುವುದರಲ್ಲಿ ಸಂಕೋಚ ಬೇಡ.

ಬಿಟ್ಟು ಬಿಟ್ಟು ತೆಗೆದುಕೊಳ್ಳುವುದರಲ್ಲಿ ನಿರೋಧಕತೆಯಲ್ಲದೆ ಇನ್ನೊಂದು ಕೇಡೂ ಇದೆ. ರಿಫಾಂಪಿಸಿನ್ ಅನ್ನು ಕೆಲವು ವಾರ ಬಿಟ್ಟು ಮತ್ತೆ ತಾನಾಗಿಯೇ ಆರಂಭಿಸಿದಾಗ ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆ ಔಷಧದ ಮೇಲೆಯೇ ತಿರುಗಿಬೀಳುತ್ತದೆ. ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ ಚಳಿಜ್ವರ, ತಲೆನೋವು, ಮೂಳೆಗಳಲ್ಲಿ ಸೆಳೆತ ಕಾಣಿಸಿಕೊಳ್ಳುತ್ತದೆ. ಅಪರೂಪಕ್ಕೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಕುಸಿದು ಚರ್ಮದ ಮೇಲೆ ನೇರಳೆ ಚುಕ್ಕೆಗಳೇಳುತ್ತವೆ, ಇಲ್ಲವೆ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹಾಗಾದವರಿಗೆ ಈ ಔಷಧವನ್ನು ಮತ್ತೆಂದೂ ಕೊಡುವಂತಿಲ್ಲ. ತಪ್ಪಿಹೋದ ದಿನಗಳ ಲೆಕ್ಕವನ್ನು ಮುಚ್ಚಿಡದೆ ಹೇಳಿ, ಮರಳಿ ಆರಂಭಿಸುವುದನ್ನು ವೈದ್ಯರಿಗೆ ಬಿಡಬೇಕು. ಹೇಳಿದರೆ ಬೈಗುಳ ಸಿಗದು ಎಂಬ ಧೈರ್ಯ ರೋಗಿಗೆ ಇರಬೇಕಾದದ್ದು ಮಾತ್ರ ಚಿಕಿತ್ಸೆ ಕೊಡುವವರ ಹೊಣೆ.

ಸೇವಿಸುವ ಕ್ರಮ ಸರಳ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆಯ ನಂತರ, ಖಾಲಿ ಹೊಟ್ಟೆಯಲ್ಲಿ. ಹೊಟ್ಟೆ ತಡೆಯದಿದ್ದರೆ ಸ್ವಲ್ಪ ಆಹಾರದೊಂದಿಗೆ ನುಂಗುವುದು ಬಿಟ್ಟೇಬಿಡುವುದಕ್ಕಿಂತ ಎಷ್ಟೋ ಮೇಲು. ಆಮ್ಲಪಿತ್ತದ ಔಷಧಗಳನ್ನು ಅದೇ ಹೊತ್ತಿಗೆ ಸೇವಿಸಬಾರದು. ಜೊತೆಯ ಔಷಧಗಳ ಪೈಕಿ ಎಥಾಂಬುಟಾಲ್‌ನಿಂದ ದೃಷ್ಟಿ ಮಸುಕಾದರೆ ಅಥವಾ ಕೆಂಪು ಹಸಿರುಗಳ ಭೇದ ಕಾಣದಾದರೆ ತಕ್ಷಣ ತಿಳಿಸಬೇಕು; ಐಸೋನಿಯಾಜಿಡ್‌ನಿಂದ ಪಾದಗಳಲ್ಲಿ ಜೋಮು ಹಿಡಿಯದಂತೆ ಬಿ6 ಜೀವಸತ್ವ ಕೊಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಬೇರೆ ಔಷಧಗಳ ಮೇಲೆ ಇದು ಬೀರುವ ಪ್ರಭಾವ. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಅನೇಕ ಔಷಧಗಳು ಬಹುಬೇಗ ದೇಹದಿಂದ ಹೊರಹೋಗುವಂತೆ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯನ್ನು ಒಂದು ದಿನವೂ ತಪ್ಪಿಸದ ಮಹಿಳೆ ಇದೇ ಕಾರಣಕ್ಕೆ ಗರ್ಭ ಧರಿಸಬಹುದು. ಆಕೆಗೆ ಚಿಕಿತ್ಸೆಯ ಉದ್ದಕ್ಕೂ, ಮುಗಿದ ಮೇಲೆ ಇನ್ನೂ ನಾಲ್ಕು ವಾರವೂ ಬೇರೆ ವಿಧಾನ ಬೇಕು. ಎಚ್‌ಐವಿ ಔಷಧಗಳಲ್ಲಿ ಕೆಲವನ್ನು ಇದರ ಜೊತೆ ಕೊಡಲೇಬಾರದು, ಡೊಲುಟೆಗ್ರಾವಿರ್ ಆದರೆ ದಿನಕ್ಕೆ ಎರಡು ಬಾರಿ ಕೊಡಬೇಕು. ಮಧುಮೇಹದ ಕೆಲವು ಮಾತ್ರೆಗಳು, ಸ್ಟೆರಾಯ್ಡ್, ಅಪಸ್ಮಾರದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಎಲ್ಲವೂ ಬಲಗುಂದುತ್ತವೆ. ಹಾಗಾಗಿ ಬಳಸುತ್ತಿರುವ ಪ್ರತಿಯೊಂದು ಮಾತ್ರೆಯ ಚೀಟಿಯನ್ನೂ ಮೊದಲ ಭೇಟಿಯಲ್ಲೇ ಮೇಜಿನ ಮೇಲಿಡಬೇಕು. ಕೊನೆಯ ಭೇಟಿಯಲ್ಲಿ ಅದೇ ಚೀಟಿಗಳು ಮತ್ತೆ ಬೇಕು: ರಿಫಾಂಪಿಸಿನ್ ನಿಂತ ಸುಮಾರು ಎರಡು ವಾರಗಳಲ್ಲಿ ಕಿಣ್ವಗಳು ಮೊದಲಿನ ಸ್ಥಿತಿಗೆ ಮರಳುತ್ತವೆ, ಚಿಕಿತ್ಸೆಯ ವೇಳೆ ಏರಿಸಿದ್ದ ವಾರ್ಫರಿನ್ ಪ್ರಮಾಣವನ್ನು ಆಗ ರಕ್ತಪರೀಕ್ಷೆ ನೋಡಿಕೊಂಡು ಇಳಿಸದಿದ್ದರೆ, ಕ್ಷಯದಿಂದ ಗುಣವಾದ ವ್ಯಕ್ತಿ ರಕ್ತಸ್ರಾವದಿಂದ ಆಸ್ಪತ್ರೆ ಸೇರಬೇಕಾಗುತ್ತದೆ.