ಜಡ್ಜ್ ಆಗುವವರ ಕಾಗದ ಎಲ್ಲರಿಗೂ ಕಾಣಲಿ

ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಸುದ್ದಿ ಭಾರತದ ಪತ್ರಿಕೆಗಳಲ್ಲೂ ಬರುತ್ತದೆ. ಆದರೆ ನಾನಿರುವ ಅಮೆರಿಕದಲ್ಲಿ ಫೆಡರಲ್, ಅಂದರೆ ಕೇಂದ್ರದ ಕಾನೂನಿನ, ಕೇಸುಗಳಲ್ಲಿ ಜನರಿಗೆ ಮೊದಲು ಎದುರಾಗುವವರು ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನ ಜಡ್ಜ್‌ಗಳು. ಸಾಕ್ಷಿ ಕೇಳುವವರು, ಜ್ಯೂರಿ ಕೂರಿಸುವವರು, ಶಿಕ್ಷೆ ವಿಧಿಸುವವರು ಇವರೇ. ನನ್ನಂಥ ವಲಸೆ ಬಂದವರಿಗೆ ಪೌರತ್ವದ ಪ್ರಮಾಣ ಬೋಧಿಸುವವರೂ ಬಹಳ ಕಡೆ ಇವರೇ. ದೇಶದಲ್ಲಿ ಇಂಥ 94 ಡಿಸ್ಟ್ರಿಕ್ಟ್‌ಗಳಿವೆ. ಸರ್ಕಾರದ ಆದೇಶ ಸಂವಿಧಾನಕ್ಕೆ ಒಪ್ಪದಿದ್ದರೆ ಅದನ್ನು ತಡೆಯುವ ಅಧಿಕಾರವೂ ಇವರಿಗಿದೆ. ಹಾಗಾಗಿ ಇವರನ್ನು ನಮ್ಮ ಜಿಲ್ಲಾ ನ್ಯಾಯಾಧೀಶರ ಜೊತೆಗೆ ಮಾತ್ರ ಹೋಲಿಸಿದರೆ ಸಾಲದು, ಹೈಕೋರ್ಟಿನವರ ಜೊತೆಗೂ ಹೋಲಿಸಬೇಕು.

ಇವರು ಆ ಕುರ್ಚಿಗೆ ಬರುವ ದಾರಿ ನನಗೆ ಅರ್ಥವಾದದ್ದು ಒಬ್ಬರ ಕಥೆಯಿಂದ. ಅವರು ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ.

ಮೋಟ್ಲಿ 1921ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹುಟ್ಟಿದರು. ಅಪ್ಪ ಅಮ್ಮ ಕೆರಿಬಿಯನ್‌ನ ನೆವಿಸ್ ದ್ವೀಪದಿಂದ ಬಂದವರು. ಅಪ್ಪ ಅಡುಗೆ ಕೆಲಸದವರು. ಕಾಲೇಜಿಗೆ ಕಳಿಸುವಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಊರಿನ ಸಭೆಯೊಂದರಲ್ಲಿ ಈಕೆ ಮಾತಾಡಿದ್ದನ್ನು ಕೇಳಿದ ಕ್ಲಾರೆನ್ಸ್ ಬ್ಲೇಕ್ಸ್‌ಲಿ ಎಂಬ ಬಿಳಿಯ ಉದ್ಯಮಿ ಓದಿನ ಖರ್ಚು ಹೊತ್ತರು. 1946ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಮುಗಿಯಿತು. ಅಷ್ಟರಲ್ಲೇ ಅವರು ವಕೀಲ ಥರ್ಗುಡ್ ಮಾರ್ಷಲ್ ಜೊತೆ ಕಪ್ಪು ಜನರ ಹಕ್ಕಿನ ಕೇಸುಗಳಲ್ಲಿ ಕೆಲಸ ಶುರು ಮಾಡಿದ್ದರು. ಸುಪ್ರೀಂ ಕೋರ್ಟಿನಲ್ಲಿ ಹತ್ತು ಕೇಸು ವಾದಿಸಿ ಒಂಬತ್ತು ಗೆದ್ದರು. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕನಿಗೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ್ದು ಅವರ ವಾದವೇ.

1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರನ್ನು ನ್ಯೂಯಾರ್ಕಿನ ಸದರ್ನ್ ಡಿಸ್ಟ್ರಿಕ್ಟ್ ಕೋರ್ಟಿಗೆ ಹೆಸರಿಸಿದರು. ಹೆಸರು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ನ್ಯಾಯಾಂಗ ಸಮಿತಿಗೆ ಹೋಯಿತು. ಸಮಿತಿಯ ಮುಖ್ಯಸ್ಥರು ಮಿಸಿಸಿಪ್ಪಿಯ ಸೆನೆಟರ್ ಜೇಮ್ಸ್ ಈಸ್ಟ್‌ಲ್ಯಾಂಡ್. ಅವರದೇ ರಾಜ್ಯದ ವಿಶ್ವವಿದ್ಯಾಲಯವನ್ನು ಕೋರ್ಟಿನಲ್ಲಿ ಸೋಲಿಸಿದ್ದ ವಕೀಲೆ ಈಗ ಜಡ್ಜ್ ಆಗಲು ಬಂದಿದ್ದರು. ಈಸ್ಟ್‌ಲ್ಯಾಂಡ್ ಹೆಸರನ್ನು ತಿಂಗಳುಗಟ್ಟಲೆ ಕೂರಿಸಿದರು. ಮೋಟ್ಲಿ ಕಮ್ಯುನಿಸ್ಟ್ ಎಂದು ಆರೋಪ ಹೊರಿಸಿದರು. ಆದರೂ ಆಗಸ್ಟ್ 30ರಂದು ಸೆನೆಟ್ ಒಪ್ಪಿತು. ಫೆಡರಲ್ ಜಡ್ಜ್ ಆದ ಮೊದಲ ಕಪ್ಪು ಮಹಿಳೆ ಅವರೇ.

ಆ ಏಳು ತಿಂಗಳು ಅವರಿಗೆ ಆದದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡ್ಡ ನಿಂತವರು ಯಾರು, ಯಾವ ಕಾರಣ ಕೊಟ್ಟರು ಎನ್ನುವುದೆಲ್ಲ ಅವತ್ತೇ ದಾಖಲಾಯಿತು. ಈಸ್ಟ್‌ಲ್ಯಾಂಡ್ ಹೇಳಿದ್ದನ್ನು ಇವತ್ತು ಯಾರು ಬೇಕಾದರೂ ತೆಗೆದು ಓದಬಹುದು. ಮೋಟ್ಲಿ ಮೇಲಿನ ಅನುಮಾನ ಅಲ್ಲಿಗೇ ಮುಗಿಯಲಿಲ್ಲ. 1975ರಲ್ಲಿ ಮಹಿಳಾ ವಕೀಲೆಯೊಬ್ಬರು ದೊಡ್ಡ ವಕೀಲ ಸಂಸ್ಥೆಯೊಂದರ ಮೇಲೆ ತಾರತಮ್ಯದ ಕೇಸು ಹಾಕಿದಾಗ, ನೀವು ಹೆಣ್ಣು, ಕಪ್ಪು ಜನರ ಪರ ವಾದಿಸಿದವರು, ಈ ಕೇಸಿನಿಂದ ಹಿಂದೆ ಸರಿಯಿರಿ ಎಂದು ಎದುರು ಪಕ್ಷ ಕೇಳಿತು. ಮೋಟ್ಲಿ ಸರಿಯಲಿಲ್ಲ. ಹುಟ್ಟು, ಲಿಂಗ, ಹಿಂದಿನ ವಕೀಲಿಕೆಯೇ ಅಡ್ಡಿಯಾಗುವುದಾದರೆ ಈ ಕೋರ್ಟಿನ ಯಾವ ಜಡ್ಜೂ ಈ ಕೇಸು ಕೇಳುವಂತಿಲ್ಲ ಎಂಬ ಅರ್ಥದ ಆದೇಶ ಬರೆದರು. ಅನುಮಾನವೂ ಬಹಿರಂಗ, ಉತ್ತರವೂ ಬಹಿರಂಗ. 1982ರಲ್ಲಿ ಅದೇ ಕೋರ್ಟಿನ ಮುಖ್ಯ ಜಡ್ಜ್ ಆದರು. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲಿನ ಜಡ್ಜೇ.

ಈಗಿನ ಪದ್ಧತಿ ಇನ್ನೂ ತೆರೆದದ್ದು. ಅಧ್ಯಕ್ಷರು ಹೆಸರಿಸಿದವರು ಸೆನೆಟ್ ಸಮಿತಿಗೆ ಉದ್ದನೆಯ ಪ್ರಶ್ನಾವಳಿ ತುಂಬಿ ಕೊಡಬೇಕು. ಓದು, ಕೆಲಸ, ಬರೆದ ಲೇಖನ, ಮಾಡಿದ ಭಾಷಣ, ನಡೆಸಿದ ಹತ್ತು ಮುಖ್ಯ ಕೇಸು. ಯಾವ ಕೇಸುಗಳಿಂದ ಹಿಂದೆ ಸರಿಯಬೇಕಾಗಬಹುದು ಎಂಬುದನ್ನೂ ಬರೆಯಬೇಕು. ನನಗೆ ತುಂಬಾ ಹಿಡಿಸಿದ ಪ್ರಶ್ನೆ ಇನ್ನೊಂದಿದೆ. ಈ ಹುದ್ದೆಗೆ ನಿಮ್ಮ ಆಯ್ಕೆ ಹೇಗೆ ನಡೆಯಿತು, ಮೊದಲಿನಿಂದ ಕೊನೆವರೆಗೆ ವಿವರಿಸಿ ಎಂದು ಕೇಳುತ್ತಾರೆ. ಯಾವಾಗ ಯಾರು ಫೋನ್ ಮಾಡಿದರು, ಯಾರ ಜೊತೆ ಸಂದರ್ಶನ ಆಯಿತು ಎಂದು ಅಭ್ಯರ್ಥಿಗಳು ತಿಂಗಳು ತಾರೀಖು ಸಮೇತ ಬರೆಯುತ್ತಾರೆ. ಇದೆಲ್ಲ ಸಮಿತಿಯ ಜಾಲತಾಣದಲ್ಲಿ ಸಿಗುತ್ತದೆ. ವಿಚಾರಣೆಯನ್ನು ಮನೆಯಲ್ಲೇ ಕೂತು ನೋಡಬಹುದು.

ಈಗ ಕರ್ನಾಟಕಕ್ಕೆ ಬನ್ನಿ. ನಮ್ಮಲ್ಲಿ ಕೆಳಗಿನ ಕೋರ್ಟಿನ ನೇಮಕ ಸಾಕಷ್ಟು ತೆರೆದಿದೆ. ಹೈಕೋರ್ಟ್ ಅಧಿಸೂಚನೆ ಹೊರಡಿಸುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಇರುತ್ತವೆ. ಹಳ್ಳಿಯ ಮನೆಯ ಹುಡುಗಿಯೂ ಓದಿ ಬರೆದು ಸಿವಿಲ್ ಜಡ್ಜ್ ಆಗಬಹುದು. ಇದು ಅಮೆರಿಕದಲ್ಲಿಲ್ಲ. ಇಲ್ಲಿ ಫೆಡರಲ್ ಜಡ್ಜ್ ಆಗಲು ಸೆನೆಟರ್‌ಗಳ ಕಣ್ಣಿಗೆ ಬೀಳಬೇಕು, ಪಕ್ಷದ ನಂಟು ಬಹಳ ಸಲ ಕೆಲಸ ಮಾಡುತ್ತದೆ. ಈ ವಿಷಯದಲ್ಲಿ ನಮ್ಮ ದಾರಿಯೇ ಮೇಲು ಎಂದು ನಾನು ಇಲ್ಲಿನ ಗೆಳೆಯರಿಗೂ ಹೇಳುತ್ತೇನೆ.

ಹೈಕೋರ್ಟಿಗೆ ಏರುವಾಗ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ. ಸುಪ್ರೀಂ ಕೋರ್ಟಿನ 1993ರ ತೀರ್ಪಿನ ನಂತರ ಹಿರಿಯ ಜಡ್ಜ್‌ಗಳ ಕೊಲಿಜಿಯಂ ಹೆಸರು ಆರಿಸುತ್ತದೆ. ಕೇಂದ್ರ ಸರ್ಕಾರ ಅದನ್ನು ಒಪ್ಪಬಹುದು, ವಾಪಸ್ ಕಳಿಸಬಹುದು, ಸುಮ್ನೆ ಇಟ್ಟುಕೊಂಡೂ ಕೂರಬಹುದು. ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರನ್ನು ಕೊಲಿಜಿಯಂ ಶಿಫಾರಸು ಮಾಡಿದ್ದು 2016ರಲ್ಲಿ. ಅವರು ಕರ್ನಾಟಕ ಹೈಕೋರ್ಟಿನ ಜಡ್ಜ್ ಆದದ್ದು 2020ರಲ್ಲಿ. ಅವರ ಮೇಲಿದ್ದ ದೂರೊಂದರ ವಿಚಾರಣೆ ನಡೆದು, ಅದರಲ್ಲಿ ಹುರುಳಿಲ್ಲ ಎಂದಾದ ಮೇಲೂ ಹೆಸರು ಅಲ್ಲೇ ನಿಂತಿತ್ತು. ಒಳಗೆ ಏನು ನಡೆಯುತ್ತಿದೆ ಎಂಬುದು ಜನರಿಗೆ ತಿಳಿದದ್ದು 2018ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚೆಲಮೇಶ್ವರ್ ಬರೆದ ಪತ್ರ ಹೊರಬಂದಾಗ. ಮೋಟ್ಲಿ ಏಳು ತಿಂಗಳು ಕಾದರು, ಇವರು ವರ್ಷಗಟ್ಟಲೆ ಕಾದರು. ಅಮೆರಿಕದಲ್ಲಿ ಕಾಯಿಸಿದವರ ಹೆಸರು ಗೊತ್ತು. ಭಾರತದಲ್ಲಿ ಒಬ್ಬ ಹಿರಿಯ ಜಡ್ಜ್ ಪತ್ರ ಬರೆಯದಿದ್ದರೆ ಅಷ್ಟೂ ತಿಳಿಯುತ್ತಿರಲಿಲ್ಲ.

ಬಾಗಿಲು ತೆರೆದರೆ ಏನಾಗುತ್ತದೆ ಎಂದು ಭಾರತವೂ ಒಮ್ಮೆ ನೋಡಿದೆ. 2023ರ ಜನವರಿಯಲ್ಲಿ ಕೊಲಿಜಿಯಂ ಕೆಲವು ಹೆಸರುಗಳ ಬಗ್ಗೆ ಸರ್ಕಾರ ಎತ್ತಿದ ಆಕ್ಷೇಪವನ್ನೂ ತನ್ನ ಉತ್ತರವನ್ನೂ ಒಟ್ಟಿಗೆ ಪ್ರಕಟಿಸಿತು. ವಕೀಲ ಸೋಮಶೇಖರ್ ಸುಂದರೇಶನ್ ಅವರ ಮೇಲಿದ್ದ ಆಕ್ಷೇಪ, ಸೋಷಿಯಲ್ ಮೀಡಿಯಾದಲ್ಲಿ ಅಭಿಪ್ರಾಯ ಹೇಳಿದ್ದು. ಅದೇ ವರ್ಷ ನವೆಂಬರಿನಲ್ಲಿ ಅವರು ಬಾಂಬೆ ಹೈಕೋರ್ಟಿನ ಜಡ್ಜ್ ಆದರು. ಅವತ್ತು ಕೆಟ್ಟದ್ದೇನೂ ಆಗಲಿಲ್ಲ. ಕೋರ್ಟಿನ ಗೌರವ ಕುಗ್ಗಲಿಲ್ಲ. ಹಾಗಿದ್ದ ಮೇಲೆ ಪ್ರತಿ ಹೆಸರಿಗೂ ಹಾಗೇ ಮಾಡಬಹುದು, ಅಲ್ವಾ?

ಊರಿನಲ್ಲಿ ವಕೀಲರಾಗಿರುವ ನನ್ನ ಬಂಧುಗಳು ಇದನ್ನು ಒಪ್ಪುವುದಿಲ್ಲ. ಬಹಿರಂಗ ಮಾಡಿದರೆ ಒಳ್ಳೆಯ ವಕೀಲರು ಜಡ್ಜ್ ಆಗಲು ಮುಂದೆ ಬರುವುದಿಲ್ಲ, ಮರ್ಯಾದೆ ಹೋಗುತ್ತದೆ ಎಂಬ ಭಯ ಅವರಿಗೆ. ಅಮೆರಿಕದಲ್ಲಿ ಎಲ್ಲ ರಾಜಕೀಯ ಎಂದೂ ಹೇಳುತ್ತಾರೆ. ಎರಡನೆಯದು ನಿಜ. ಡಿಸ್ಟ್ರಿಕ್ಟ್ ಜಡ್ಜ್ ಹೆಸರಿಗೆ ಆ ರಾಜ್ಯದ ಸೆನೆಟರ್ ನೀಲಿ ಚೀಟಿ, ಅಂದರೆ ಒಪ್ಪಿಗೆಯ ಚೀಟಿ, ಕಳಿಸದಿದ್ದರೆ ಆ ಹೆಸರು ಅಲ್ಲೇ ಸತ್ತ ಹಾಗೆ. ಇದು ನನಗೆ ಒಂಚೂರೂ ಇಷ್ಟವಿಲ್ಲ. ಮತ ಹಾಕುವುದೂ ಈಗೀಗ ಹೆಚ್ಚಾಗಿ ಪಕ್ಷದ ಗೆರೆ ಹಿಡಿದೇ. ಇವನ್ನೆಲ್ಲ ನಾವು ತರುವುದು ಬೇಡ. ಜಡ್ಜ್‌ಗಳ ಆಯ್ಕೆ ಶಾಸಕರ, ಸಂಸದರ ಕೈಗೆ ಹೋಗಲಿ ಎಂದೂ ನಾನು ಹೇಳುತ್ತಿಲ್ಲ. ಆದರೆ ಮರ್ಯಾದೆಯ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ತಿಳಿಯದೆ ಹೆಸರು ನಿಂತಾಗಲೇ ಮರ್ಯಾದೆಗೆ ಜಾಸ್ತಿ ಪೆಟ್ಟು. ಬಾರ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟುತ್ತಾರೆ. ಅದಕ್ಕೆ ಉತ್ತರ ಕೊಡುವ ಜಾಗವೇ ಆ ವ್ಯಕ್ತಿಗೆ ಇರುವುದಿಲ್ಲ.

ಕರ್ನಾಟಕ ಹೈಕೋರ್ಟಿಗೆ ಹೆಸರು ಹೋಗುವಾಗ ಅಭ್ಯರ್ಥಿ ತುಂಬಿದ ಒಂದು ಅರ್ಜಿ ಹೊರಗೆ ಸಿಗಲಿ. ನಡೆಸಿದ ಹತ್ತು ಕೇಸು ಅಥವಾ ಬರೆದ ಹತ್ತು ತೀರ್ಪು, ಆಸ್ತಿ ವಿವರ, ಅದೇ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನೆಂಟರ ಹೆಸರು ಅದರಲ್ಲಿರಲಿ. ಸರ್ಕಾರ ಆಕ್ಷೇಪಿಸಿದರೆ ಇಷ್ಟು ದಿನದೊಳಗೆ ಬರವಣಿಗೆಯಲ್ಲಿ ಹೇಳಲಿ, ಕೊಲಿಜಿಯಂ ಬರವಣಿಗೆಯಲ್ಲೇ ಉತ್ತರಿಸಲಿ. ಗುಪ್ತಚರ ವರದಿಯಲ್ಲಿ ನಿಜಕ್ಕೂ ಮುಚ್ಚಿಡಬೇಕಾದ ಸಾಲುಗಳಿದ್ದರೆ ಅಷ್ಟನ್ನು ಮಾತ್ರ ಬಿಡಲಿ. ಉಳಿದದ್ದು ಬೆಂಗಳೂರಿನಲ್ಲೂ ಧಾರವಾಡ, ಕಲಬುರಗಿ ಪೀಠಗಳಲ್ಲೂ ಕಕ್ಷಿದಾರರಿಗೆ ಕನ್ನಡದಲ್ಲೇ ಓದಲು ಸಿಗಲಿ.