ಆಂಪ್ ಸದ್ದು ಮಂಕಾದರೆ ಮೊದಲು ಮೀಟರ್ ಹಿಡಿಯಿರಿ, ವಾಲ್ವ್ ಆಮೇಲೆ

ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್‌ಗಳ ಗಂಟಲು ಕಟ್ಟುತ್ತದೆ. ದಪ್ಪ ತಂತಿಯ ಸ್ವರ ಬಿಡಿಸಿ ಕೇಳುವುದಿಲ್ಲ, ಕಾರ್ಡ್ ನುಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಕೂಡಲೇ ಸಿಗುವ ಸಲಹೆ ಒಂದೇ: ವಾಲ್ವ್ ಬದಲಿಸಿ. ಈ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. ದೋಷ ಬೇರೆ ಕಡೆ ಇದ್ದರೆ ಅದೇ ದೋಷ ಹೊಸ ವಾಲ್ವನ್ನೂ ತಿಂದುಹಾಕುತ್ತದೆ.

ಬಿಚ್ಚುವ ಮೊದಲು ಬಾಸ್ ನಾಬ್ 2ಕ್ಕೆ ಇಳಿಸಿ ಕೇಳಿ. ಫೆಂಡರ್ ಕಂಪನಿಯ ಬ್ಲ್ಯಾಕ್‌ಫೇಸ್ (ಕಪ್ಪು ಮುಖಫಲಕದ) ಆಂಪ್‌ಗಳಲ್ಲಿ ಟೋನ್ ನಾಬ್‌ಗಳು ವಾಲ್ಯೂಮ್‌ಗಿಂತ ಮುಂಚೆ ಬರುತ್ತವೆ. ವಾಲ್ಯೂಮ್ ಏರಿಸಿದಷ್ಟೂ ಬಾಸ್ ಇಳಿಸಲೇಬೇಕು, ಇಲ್ಲದಿದ್ದರೆ ಮುಂದಿನ ಹಂತಗಳು ಬರೀ ಮಂದ್ರದಲ್ಲೇ ಒಡೆಯುತ್ತವೆ.

ಆಮೇಲೆ ಗೋಡೆಯ ಸಾಕೆಟ್ ಅಳೆಯಿರಿ. ಲೈನಿನ ಕೊನೆಯಲ್ಲಿರುವ ತೋಟದ ಮನೆಗೆ 230 ವೋಲ್ಟ್ ಬದಲು 190 ಬರುವುದುಂಟು. ಆಗ 6.3 ವೋಲ್ಟ್ ಸಿಗಬೇಕಾದ ಹೀಟರ್‌ಗೆ (ವಾಲ್ವನ್ನು ಕಾಯಿಸುವ ತಂತಿಗೆ) ಸಿಗುವುದು ಸುಮಾರು 5.2. ವಾಲ್ವ್ ಸರಿಯಾಗಿ ಕಾಯುವುದೇ ಇಲ್ಲ, ಸದ್ದಿನಲ್ಲಿ ಜೀವ ಇರುವುದಿಲ್ಲ. ಇದಕ್ಕೆ ಒಳ್ಳೆಯ ಸ್ಟೆಬಿಲೈಜರ್ ಸಾಕು.

ಒಳಗೆ ಕೈ ಹಾಕುವವರು ಇದನ್ನು ದಯವಿಟ್ಟು ಎರಡು ಸಲ ಓದಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ (ಹೈ ವೋಲ್ಟೇಜ್ ಡಿಸಿಯನ್ನು ಸಮನಾಗಿಸುವ ದೊಡ್ಡ ಕೆಪಾಸಿಟರ್‌ಗಳು) 300ರಿಂದ 450 ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ, ಕೆಪಾಸಿಟರಿನ ಪ್ಲಸ್ಸಿನಿಂದ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಹಿಡಿದು ಖಾಲಿ ಮಾಡಿ. ಮೀಟರ್ 5 ವೋಲ್ಟಿಗಿಂತ ಕೆಳಗೆ ತೋರಿಸುವ ತನಕ ಮುಟ್ಟಬೇಡಿ. ಆನ್ ಇಟ್ಟು ಅಳೆಯುವಾಗ ಒಂದು ಕೈ ಜೇಬಿನಲ್ಲಿರಲಿ. ಹೈ ವೋಲ್ಟೇಜ್ ಅಭ್ಯಾಸ ಇಲ್ಲದವರು ಬಲ್ಲ ಮೆಕ್ಯಾನಿಕ್ ಹತ್ತಿರವೇ ಒಯ್ಯಿರಿ.

ಮಲೆನಾಡಿನಲ್ಲಿ ಮೊದಲ ಅನುಮಾನ ಬಿಡಿಭಾಗ ಕೂರಿಸಿರುವ ಬೋರ್ಡ್ ಮೇಲೆ. ಹಳೇ ಫೆಂಡರ್‌ಗಳ ಕಪ್ಪು ಫೈಬರ್ ಬೋರ್ಡ್ ತೇವ ಹೀರುತ್ತದೆ. ಅಂಗಳದ ಕಾಫಿ ಪಾರ್ಚ್‌ಮೆಂಟ್ ಹೀರುವ ಹಾಗೇ. ತೇವ ಹೀರಿದ ಬೋರ್ಡಿನಲ್ಲಿ ಕರೆಂಟ್ ಹರಿದಾಡುತ್ತದೆ. ಆಂಪ್ ಆನ್ ಇಟ್ಟು, ಮೀಟರಿನ ಕಪ್ಪು ಕಡ್ಡಿ ಚಾಸಿಗೆ ಇಟ್ಟು, ಕೆಂಪು ಕಡ್ಡಿಯ ಮೊನೆಯನ್ನು ಎರಡು ಐಲೆಟ್‌ಗಳ (ತಂತಿ ಬೆಸೆಯುವ ಲೋಹದ ಕಣ್ಣುಗಳ) ನಡುವಿನ ಬರೀ ಜಾಗಕ್ಕೆ ಒತ್ತಿ. ಏನೂ ಇರಬಾರದ ಆ ಜಾಗದಲ್ಲಿ ಹಲವು ವೋಲ್ಟ್ ಡಿಸಿ ತೋರಿಸಿದರೆ ಕಳ್ಳ ಸಿಕ್ಕಿದ. ಆಫ್ ಮಾಡಿ, ಖಾಲಿ ಮಾಡಿ, ಹೇರ್ ಡ್ರೈಯರ್‌ನ ಹದ ಬಿಸಿಯಲ್ಲಿ ನಿಧಾನ ಒಣಗಿಸಿ ಮತ್ತೆ ಅಳೆಯಿರಿ.

ಎರಡನೆಯದು ಕಪ್ಲಿಂಗ್ ಕೆಪಾಸಿಟರ್ ಸೋರಿಕೆ. ಹಿಂದಿನ ಹಂತದ ಹೈ ವೋಲ್ಟೇಜನ್ನು ತಡೆದು ಸದ್ದನ್ನಷ್ಟೇ ಮುಂದೆ ಬಿಡುವುದು ಇದರ ಕೆಲಸ. ಹಳೇ ಪೇಪರ್ ಕೆಪಾಸಿಟರ್ ಸೋರಿದರೆ ಮುಂದಿನ ವಾಲ್ವಿನ ಗ್ರಿಡ್ (ಕರೆಂಟ್ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ಪಾಸಿಟಿವ್ ಆಗುತ್ತದೆ, ಔಟ್‌ಪುಟ್ ವಾಲ್ವ್ ಕಾದು ಕೆಂಪಾಗುತ್ತದೆ, ಸದ್ದು ಕೆಸರಾಗುತ್ತದೆ. ಕ್ಯಾಥೋಡ್ ಬಯಾಸ್ ಆಂಪ್‌ನಲ್ಲಿ (ಕ್ಯಾಥೋಡಿನ ರೆಸಿಸ್ಟರ್‌ನಿಂದಲೇ ವಾಲ್ವಿನ ಕರೆಂಟ್ ಹದಗೊಳ್ಳುವ ಬಗೆ) ಔಟ್‌ಪುಟ್ ವಾಲ್ವಿನ ಗ್ರಿಡ್ ಅಳೆಯಿರಿ: 6ವಿ6 ಮಾದರಿಗೆ 5ನೇ ಪಿನ್, ಇಎಲ್84 ಮಾದರಿಗೆ 2ನೇ ಪಿನ್. ಸೊನ್ನೆ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಕಂಡರೆ ಆ ವಾಲ್ವ್ ಒಂದನ್ನೇ ಕಿತ್ತು ಮತ್ತೆ ಅಳೆಯಿರಿ. ಆಗಲೂ ವೋಲ್ಟ್ ಉಳಿದರೆ ತಪ್ಪು ಕೆಪಾಸಿಟರಿನದು, ಹೋದರೆ ವಾಲ್ವಿನದು. ವಾಲ್ವ್ ಕೊಳ್ಳಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನ. ಹೊಸ ಕೆಪಾಸಿಟರ್ ಅದೇ ಮೈಕ್ರೋಫ್ಯಾರಡ್ ಅಳತೆಯದಿರಲಿ, 630 ವೋಲ್ಟಿನ ಫಿಲ್ಮ್ ಮಾದರಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ. 0.022 ಮೈಕ್ರೋಫ್ಯಾರಡ್ ಇದ್ದಲ್ಲಿ 0.1 ಹಾಕಿದರೆ ಮಂದ್ರ ಇನ್ನಷ್ಟು ಕಲಸುತ್ತದೆ.

ಗಟ್ಟಿಯಾಗಿ ಮೀಟಿದಾಗ ಮಂದ್ರ ಕುಸಿದು, ಸ್ವರದ ಹಿಂದೆ ಇನ್ನೊಂದು ಅಪಸ್ವರ ಕೇಳಿ, ಜೊತೆಗೆ 100 ಹರ್ಟ್ಸ್ ಗುಂಯ್ ಇದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಬದಲಿಸುವಾಗ ಮೈಕ್ರೋಫ್ಯಾರಡ್ ಅಳತೆ ಮನಬಂದಂತೆ ಏರಿಸಬೇಡಿ. ಜಿಝಡ್34 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ) ವಾಲ್ವಿಗೂ ಮೊದಲ ಕೆಪಾಸಿಟರಿನ ಮಿತಿ 60 ಮೈಕ್ರೋಫ್ಯಾರಡ್.

ಇಷ್ಟೆಲ್ಲ ಸರಿಯಿದ್ದರೆ ಸ್ಪೀಕರ್ ನೋಡಿ. ಕಾಗದದ ಕೋನ್‌ಗೆ ಬೂಷ್ಟು ಹಿಡಿದಿರುತ್ತದೆ. ಎರಡೂ ಕೈಬೆರಳಿಂದ ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ಕರಕರ ಉಜ್ಜುವ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನ್ ಅಲುಗಿಸುವ ತಂತಿಸುರುಳಿ) ತಗಲುತ್ತಿದೆ, ರೀಕೋನ್ ಮಾಡಿಸಬೇಕು, ಅಂದರೆ ಕೋನ್, ಕಾಯಿಲ್ ಹೊಸದಾಗಿ ಹಾಕಿಸಬೇಕು.