ಮುಯ್ಯಿ ಪಟ್ಟಿ

ಯಲ್ಲಾಪುರದ ಕಡೆ ಒಂದು ಮದುವೆ. ಕರೆಯೋಲೆಯ ಕೊನೆಗೆ 'ಆಶೀರ್ವಾದವೇ ಉಡುಗೊರೆ' ಎಂದು ಚೆಂದಾಗಿ ಅಚ್ಚು ಹಾಕಿಸಿದ್ದರು. ಆಯಿ ಅದನ್ನು ನಂಬುವವಳಲ್ಲ. ಕಪಾಟಿನಿಂದ ಹಳೇ ನೋಟ್‌ಬುಕ್ ತೆಗೆಸಿ, "ತಮಾ, ಅವರು ನಮಗೆಷ್ಟು ಹಾಕಿದ್ರು ನೋಡು" ಅಂದಳು.

ಅದು 2001ರ ಮೇ ತಿಂಗಳಲ್ಲಿ ಶಿರಸಿಯಲ್ಲಾದ ಅಕ್ಕನ ಮದುವೆಯ ಮುಯ್ಯಿ ಪಟ್ಟಿ, ಅಂದರೆ ಯಾರು ಏನು ಉಡುಗೊರೆ ಹಾಕಿದರು ಎಂಬ ಲೆಕ್ಕ. ಉದ್ದಕ್ಕೂ ಹೆಸರುಗಳು, ಎದುರಿಗೆ 51, 21, 'ಸ್ಟೀಲ್ ಡಬ್ಬಿ', 'ಗೋಡೆ ಗಡಿಯಾರ, ಸೆಲ್ ಇಲ್ಲ'. ಇವರದ್ದು 101.

ಈಗ ತಿರುಗಿ ಎಷ್ಟು ಹಾಕಬೇಕು? ಅಷ್ಟೇ ಹಾಕಿದರೆ ಮರ್ಯಾದೆ ಹೋಯ್ತು. ಆದಾಯ ತೆರಿಗೆಯವರು ಆಸ್ತಿ ಮಾರುವವರಿಗಾಗಿ ಬೆಲೆಯೇರಿಕೆಯ ಸೂಚ್ಯಂಕ ಇಟ್ಟಿದ್ದಾರೆ. 2001-02ಕ್ಕೆ 100, 2024-25ಕ್ಕೆ 363. ಆ ಲೆಕ್ಕದಲ್ಲಿ 367 ರೂಪಾಯಿ. ಕವರಿನಲ್ಲಿ 367 ಹಾಕಿ ಕೊಟ್ಟವನನ್ನು ಊರು ಎಷ್ಟು ವರ್ಷ ನೆನೆದೀತು! ಚಿನ್ನದಲ್ಲಿ ಅಳೆಯೋಣ ಅಂದರೆ ಇನ್ನೊಂದು ಪೇಚು. ಆಗ ಹತ್ತು ಗ್ರಾಮಿಗೆ ನಾಲ್ಕು ಸಾವಿರ ಚಿಲ್ಲರೆ, 2024ರಲ್ಲಿ ಎಪ್ಪತ್ತು ಸಾವಿರ ದಾಟಿತ್ತು. ಸಾವಿರದ ಆರುನೂರಕ್ಕೂ ಜಾಸ್ತಿ ಬೀಳುತ್ತದೆ. ಆಯಿ ಇದನ್ನು ಕೇಳಿ ಸುಮ್ನೆ ಒಳಗೆ ಹೋದಳು.

ಅಷ್ಟರಲ್ಲಿ ದೊಡ್ಡಪ್ಪ ಬಂದ. ಜಗಲಿಯಲ್ಲಿ ಕೂತು ಕವಳ ಹಾಕುತ್ತ, "ಚಿನ್ನ ಬಿಡು, ಅಡಿಕೆ ದರದಲ್ಲಿ ನೋಡಕು" ಅಂದ. ಅಕ್ಕನ ಮದುವೆಯ ವರ್ಷ ಅಡಿಕೆ ದರ ನೆಲಕಚ್ಚಿತ್ತು. ತೋಟದವರ ಮನೆಯಲ್ಲಿ ಹೊಸ ಬಟ್ಟೆಯ ಮಾತೇ ಇರಲಿಲ್ಲ. ಅಂಥ ವರ್ಷ ನೂರಾ ಒಂದು ಹಾಕಿದವರಿಗೆ ಇವತ್ತು ಐದು ಸಾವಿರ ಹಾಕಿದರೂ ಕಮ್ಮಿಯೇ ಎಂದು ದೊಡ್ಡಪ್ಪನ ವಾದ. ಧರ್ಮದ ಮಾತು, ಒಪ್ಪಿದೆ. ಹಾಗೇ ಪುಟ ತಿರುಗಿಸಿ ದೊಡ್ಡಪ್ಪನ ಹೆಸರು ಹುಡುಕಿದೆ. ಹನ್ನೊಂದು! ಸ್ವಂತ ತಮ್ಮನ ಮಗಳ ಮದುವೆಗೆ. ಜೊತೆಗೆ ಒಂದು ತೆಂಗಿನಕಾಯಿ. ಕೇಳಿದರೆ, "ದರ ಬಿದ್ದಿತ್ತಲ್ಲೋ, ಈಗಷ್ಟೇ ಹೇಳಿದ್ನಲ್ಲ" ಅಂದ. ಅವನ ಇಬ್ಬರು ಹುಡುಗರ ಮದುವೆಗೆ ನಾವು ಹಾಕಿದ್ದೆಷ್ಟು ಅಂತ ನನಗೆ ಚೆನ್ನಾಗಿ ಗೊತ್ತು, ದರ ಏರಿದ ಮೇಲೆ ಅವನು ಮಹಡಿ ಕಟ್ಟಿಸಿದ್ದೂ ಗೊತ್ತು. ಅದನ್ನೆಲ್ಲ ಇಲ್ಲಿ ಬರೆಯುವುದು ಚೆಂದವಲ್ಲ. ಹಿರಿಯ.

ಬಡ್ಡಿಯಿಲ್ಲದ ಸಾಲ ಅಂದರೆ ಇದೇ ಅಲ್ವಾ? ಬ್ಯಾಂಕಿನವರು ಕೊಟ್ಟ ದುಡ್ಡಿಗೆ ದಿನ ಲೆಕ್ಕದಲ್ಲಿ ಬಡ್ಡಿ ಹಾಕುತ್ತಾರೆ. ಮುಯ್ಯಿ ಹಾಕಿದವರು ಬರೀ ನೆನಪಿಟ್ಟುಕೊಳ್ಳುತ್ತಾರೆ. ಕೊನೆಯ ಆ ಒಂದು ರೂಪಾಯಿ ಮಾತ್ರ ಯಾವ ಬೆಲೆಯೇರಿಕೆಗೂ ಜಗ್ಗಿಲ್ಲ. ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಯಿತು, ಇದು ಕವರಿಗೆ ಅಂಟಿಕೊಂಡೇ ಉಳಿದಿದೆ. ಆ ಕವರಿಗೇ ಈಗ ಹತ್ತು ರೂಪಾಯಿ!

ಕಡೆಗೆ ಆಯಿ 501 ಎಂದು ತೀರ್ಮಾನ ಮಾಡಿದಳು. ಯಾವ ಸೂಚ್ಯಂಕದ ಪ್ರಕಾರ ಎಂದು ಕೇಳಲಿಲ್ಲ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತದಂತೆ. ಇನ್ನು 24 ವರ್ಷಕ್ಕೆ ನನ್ನ ಮಗಳ ಮದುವೆಗೆ ಇವರು ಪಟ್ಟಿ ನೋಡಿ 501 ಹಿಡಿದು ಬಂದರೆ, ಅದು ಇವತ್ತಿನ ನೂರಿಪ್ಪತ್ತೈದಕ್ಕೆ ಸಮ. ನೆನೆಸಿಕೊಂಡರೆ ಈಗಲೇ ಸಿಟ್ಟು ಬರುತ್ತದೆ.